ಎಡಗಿವಿಯ ಎರಡು ಮಿಲಿಮೀಟರ್

ನನಗೊಂದು ಕಥೆ ಬಾಯಿಪಾಠ ಇದೆ. "ಬೇರೆ ಯಾರು ಹಾಲು ಕುಡಿಸಿದ್ರೂ ನೀನು ಕುಡೀತಿರ್ಲಿಲ್ಲ ಕಂದ. ಬಾಟಲ್ ಕಂಡ್ರೆ ಬಾಯಿ ಬಿಗಿ ಹಿಡಿದುಬಿಡ್ತಿದ್ದೆ. ನಾನು ಡ್ಯೂಟಿಗೆ ಬರಬೇಕು, ನನ್ನ ದನಿ ಕೇಳಬೇಕು, ಆಮೇಲೇ ಬಾಯಿ ತೆಗೀತಿದ್ದೆ." ಇಷ್ಟೇ ಕಥೆ. ಕೊನೇಲಿ ಕೆನ್ನೆ ಹಿಂಡಬೇಕು, ಅದು ಮರೀಬಾರದು. ಇದನ್ನ ಎಷ್ಟು ಮಕ್ಕಳಿಗೆ ಹೇಳಿದೀನೋ ನನಗೇ ಗೊತ್ತಿಲ್ಲ.

ಬಾಗಲಗುಂಟೆಯ ಒಂದು ಶಿಶುಮಂದಿರದಲ್ಲಿ ಇಪ್ಪತ್ತನಾಲ್ಕು ವರ್ಷ ಆಯಾ ಆಗಿದ್ದೋಳು ನಾನು. ಹೆತ್ತೋರಿಲ್ಲದ ಕೂಸುಗಳು, ಇದ್ದೂ ಬಿಟ್ಟುಹೋದ ಕೂಸುಗಳು ಅಲ್ಲಿಗೆ ಬರೋವು. ಒಂದೋ ಎರಡೋ ವರ್ಷ ನಮ್ಮ ಕೈಲಿ ಬೆಳೆದು, ದತ್ತು ತಗೊಂಡೋರ ಜೊತೆ ಹೊರಟುಹೋಗೋವು. ಕೆಲವು ಮೈಸೂರಿಗೆ, ಪುಣೆಗೆ. ಕೆಲವು ಹೆಸರೇ ಬಾಯಿಗೆ ಬಾರದ ದೇಶಗಳಿಗೆ. ಹಾಗೆ ಹೋದವು ಇಪ್ಪತ್ತು ವರ್ಷ ಆದ ಮೇಲೆ ಒಂದು ದಿನ, ನನಗಿಂತ ಒಂದು ಮೊಳ ಎತ್ತರ ಬೆಳೆದು, ಅಪ್ಪ ಅಮ್ಮನ್ನ ಕಟ್ಕೊಂಡು ನೋಡೋಕೆ ಬರ್ತವೆ. ಬಂದು ಎಲ್ಲರೂ ಒಂದೇ ಪ್ರಶ್ನೆ ಕೇಳೋದು: ನಾನು ಆಗ ಹೇಗಿದ್ದೆ?

ಹೇಗಿದ್ದೆ ಅಂತ ಏನ್ ಹೇಳ್ಲಿ? ಉದ್ದನೆ ಕೋಣೇಲಿ ಸಾಲಾಗಿ ತೊಟ್ಟಿಲು, ಎಲ್ಲರದ್ದೂ ಬೋಳು ತಲೆ, ಎಲ್ಲರಿಗೂ ಒಂದೇ ಬಟ್ಟೇಲಿ ಹೊಲಿಸಿದ ಅಂಗಿ. ಒಬ್ಬರು ಅತ್ರೆ ಉಳಿದವರೆಲ್ಲ ಸೇರಿಕೊಳ್ಳೋರು. ಇದನ್ನ ಹೇಳಿದ್ರೆ ಅಷ್ಟು ದೂರದಿಂದ ವಿಮಾನ ಹತ್ತಿ ಬಂದೋರ ಮುಖ ಏನಾಗಬೇಕು ಹೇಳಿ? ಅದಕ್ಕೇ ಹಾಲಿನ ಕಥೆ. ಕೇಳಿದ ಕೂಡಲೇ ಆ ಮುಖಗಳು ಅರಳೋದು ನೋಡ್ಬೇಕು ನೀವು. ನಾನೇನು ಯಾರ ಮನೆ ಹಾಳು ಮಾಡಿದ್ನಾ?

ನನ್ನ ಮಗಳು ಮಾತ್ರ ಒಪ್ಪಲ್ಲ. ಮಹದೇವಪುರದ ಕಡೆ ಟೆಕ್ ಪಾರ್ಕಲ್ಲಿ ಅವಳ ಕೆಲಸ, ಹೂಡೀಲಿ ಬಾಡಿಗೆ ಮನೆ. ವಿದೇಶದೋರು ಬಂದಾಗ ನನ್ನ ಕನ್ನಡನ ಇಂಗ್ಲಿಷಿಗೆ ಮಾಡಿ ಹೇಳೋಕೆ ಅವಳನ್ನೇ ಕರೆಸ್ಕೋತೀನಿ. "ಅಮ್ಮಾ, ಮತ್ತೆ ಅದೇ ಹಾಲಾ? ಇಷ್ಟು ವರ್ಷದಲ್ಲಿ ಮೊಸರಾಗಿರತ್ತೆ ಅದು" ಅಂತ ಮೆಟ್ರೋ ಇಳಿಯೋಕ್ಕೆ ಮುಂಚೆನೇ ಫೋನಲ್ಲಿ ಶುರು ಹಚ್ಕೋತಾಳೆ. ಒಂದು ದಿನದ ರಜ ಹಾಕಿ ಊರಿನ ಆ ತುದಿಯಿಂದ ಈ ತುದಿಗೆ ಬರಬೇಕಲ್ಲ, ಆ ಸಿಟ್ಟು. ಬಂದ ಮೇಲೆ ನನ್ನ ಕಥೆನ ನನಗಿಂತ ಚೆನ್ನಾಗಿ ಹೇಳೋಳೂ ಅವಳೇ. ಒಂದ್ಸಲ ನಾನು ಕನ್ನಡದಲ್ಲಿ ಇನ್ನೂ ಬಾಟಲ್ ಹತ್ರ ಇದ್ದೆ, ಅವಳು ಇಂಗ್ಲಿಷಲ್ಲಿ ಕಥೆ ಮುಗಿಸಿ ಕೂತಿದ್ಳು.

ಹೋದ ಚಳಿಗಾಲದಲ್ಲಿ ಶಿಶುಮಂದಿರದ ಈಗಿನ ಮೇಡಂ ಫೋನ್ ಮಾಡಿದ್ರು. "ಡೆನ್ಮಾರ್ಕಿಂದ ಒಂದು ಫ್ಯಾಮಿಲಿ ಬರ್ತಿದೆ. ಹುಡುಗಿಗೆ ಇಪ್ಪತ್ತೊಂದು ವರ್ಷ. ಅವರ ಹತ್ರ ಒಂದು ಫೋಟೋ ಇದೆ, ಅದರಲ್ಲಿ ಮಗು ಎತ್ಕೊಂಡಿರೋದು ನೀವೇ. ನಿಮ್ಮನ್ನ ನೋಡಲೇಬೇಕಂತೆ" ಅಂದ್ರು. ನಾನು ಕೆಲಸ ಬಿಟ್ಟು ಆಗಲೇ ಐದು ವರ್ಷ ಆಗಿತ್ತು. ಫೋನ್ ಇಟ್ಟೋಳೇ ತಲೆಗೆ ಬಣ್ಣ ಹಚ್ಕೊಂಡೆ. ಫೋಟೋದಲ್ಲಿ ಕಪ್ಪು ಕೂದ್ಲಿರತ್ತೆ, ಅವರಿಗೆ ಗುರುತು ಸಿಗಬೇಡ್ವಾ? ಮಗಳು ಬಂದು ನೋಡಿ, "ಏನಮ್ಮಾ, ಗಂಡಿನ ಕಡೆಯೋರು ಬರ್ತಿದಾರಾ?" ಅಂದ್ಲು.

ಬೆಳಿಗ್ಗೆ ಹತ್ತು ಗಂಟೆಗೆ ಆಟೋದಲ್ಲಿ ಬಂದಿಳಿದ್ರು ಅಪ್ಪ, ಅಮ್ಮ, ಮಗಳು. ಅಪ್ಪನ ಮಂಡಿ ಗದ್ದಕ್ಕೆ ತಾಗ್ತಿತ್ತು, ಅಷ್ಟು ಉದ್ದದ ಮನುಷ್ಯ. ಆಟೋದೋನು ಇಳಿದು ನನ್ನ ಹತ್ರ ದೂರು ಹೇಳಿದ: "ಏನಕ್ಕಾ ಇದು, ಹುಡುಗಿ ನಮ್ಮ ಕಡೇದು, ಏನ್ ಕೇಳಿದ್ರೂ ಬರೀ ನಗ್ತಾಳೆ. ಆ ಸಾರೇ ವಾಸಿ, ಊಟ ಆಯ್ತಾ ಅಂತಾದ್ರೂ ಕೇಳಿದ್ರು." ಆ ಎರಡು ಪದ ಅವರು ಎಲ್ಲಿ ಕಲಿತಿದ್ರೋ, ಕಂಡೋರನ್ನೆಲ್ಲ ಕೇಳ್ತಾ ಬಂದ್ರು. ವಾಚ್‌ಮನ್ನನ್ನ ಕೇಳಿದ್ರು. ಮೇಡಂನ ಕೇಳಿದ್ರು. ಮೇಡಂ ಪಾಪ, ಬೆಳಿಗ್ಗೆ ಉಪ್ಪಿಟ್ಟು ತಿಂದಿದ್ದು, ಮಧ್ಯಾಹ್ನಕ್ಕೆ ಡಬ್ಬಿ ತಂದಿರೋದು ಎಲ್ಲಾ ವಿವರವಾಗಿ ಹೇಳಿದ್ರು. ಅಪ್ಪ ಒಂದೂ ಅರ್ಥ ಆಗದೆ ತಲೆ ಆಡಿಸ್ತಾ ನಿಂತಿದ್ರು.

ಅಮ್ಮ ಸಣ್ಣಕಿದ್ರು. ಕೈಲೊಂದು ಕರ್ಚೀಫು. ಗೇಟು ನೋಡಿ ಅತ್ರು, "ಸಾರಿ" ಅಂದ್ರು. ನನ್ನ ನೋಡಿ ಅತ್ರು, "ಸಾರಿ" ಅಂದ್ರು. ಇನ್ನು ಹುಡುಗಿ. ನಮ್ಮ ಪೀಣ್ಯದ ಬಸ್‌ಸ್ಟಾಪಲ್ಲಿ ನಿಂತ್ರೆ ಅವಳನ್ನ ಯಾರೂ ತಿರುಗಿ ನೋಡಲ್ಲ, ಅಷ್ಟು ನಮ್ಮೋಳು. ರಸ್ತೆ ದಾಟೋವಾಗ ಮಾತ್ರ ಸಿಕ್ಕಿಬೀಳ್ತಾಳೆ. ಎದುರು ಅಂಗಡೀಲಿ ಎಳನೀರು ಕುಡಿಯೋಕೆ ಅಂತ ಹೊರಟೋಳು, ಗಾಡಿಗಳು ನಿಲ್ಲಲಿ ಅಂತ ಕಾದಿದ್ದೇ ಕಾದಿದ್ದು. ಕೊನೆಗೆ ನನ್ನ ಮಗಳು ಕೈ ಹಿಡಿದು ದಾಟಿಸಿದ್ಲು.

ಶಿಶುಮಂದಿರ ನಾನಿದ್ದಾಗಿನ ಹಾಗಿಲ್ಲ ಈಗ. ಗೋಡೆ ಮೇಲೆಲ್ಲ ಆನೆ, ಜಿರಾಫೆ. ಮೂಲೆಮೂಲೇಲಿ ಕ್ಯಾಮೆರಾ. ಹುಡುಗಿ ಒಂದೊಂದು ತೊಟ್ಟಿಲನ್ನೂ ಬೆರಳ ತುದೀಲಿ ಮುಟ್ತಾ ಬಂದು, ನಂದು ಯಾವುದು ಅಂತ ಕೇಳಿದ್ಲು. "ಆ ಕಿಟಕಿ ಹತ್ರದ್ದು" ಅಂದೆ. ಮಗಳು ಕೆಮ್ಮಿದ್ಲು. ಹೌದು, ಎಲ್ಲರಿಗೂ ಕಿಟಕಿ ಹತ್ರದ್ದೇ ತೋರಿಸ್ತೀನಿ. ಬಾತ್‌ರೂಮ್ ಹತ್ರದ್ದು ತೋರಿಸೋಕಾಗತ್ತಾ?

ಆಮೇಲೆ ಆಫೀಸಲ್ಲಿ ಕೂತು ಮೇಡಂ ಫೈಲ್ ಓದಿದ್ರು. ಅರ್ಧ ಪುಟ. ನಾಲ್ಕೈದು ದಿನದ ಹೆಣ್ಣುಮಗು, ಸರ್ಕಾರಿ ಆಸ್ಪತ್ರೆಯೊಂದರ ವರಾಂಡದ ಬೆಂಚಿನ ಮೇಲೆ, ಟವೆಲ್ಲಲ್ಲಿ ಸುತ್ತಿದ್ದು. ಕೇಳ್ಕೊಂಡು ಯಾರೂ ಬರಲಿಲ್ಲ. ಅಷ್ಟೆ. ಮಗಳು ತಗ್ಗಿದ ದನಿಯಲ್ಲಿ ಅದನ್ನ ಇಂಗ್ಲಿಷಲ್ಲಿ ಹೇಳಿದ್ಲು. ಹುಡುಗಿಗೆ ಅದೆಲ್ಲ ಮೊದಲೇ ಗೊತ್ತಿತ್ತು. ಆದ್ರೂ ಅರ್ಧ ಪುಟ ಮುಗಿದ ಮೇಲೂ ಇನ್ನೇನೋ ಇದೆ ಅನ್ನೋ ಹಾಗೆ ಮೇಡಂ ಮುಖಾನೇ ನೋಡ್ತಾ ಕೂತಿದ್ಲು. ಈಗ ಹಾಲಿನ ಕಥೆಗೆ ಸಮಯ ಅಂದ್ಕೊಂಡೆ.

ಹೇಳಿದೆ. ಚೆನ್ನಾಗೇ ಹೇಳಿದೆ. ಮಗಳು ನಿಟ್ಟುಸಿರು ಬಿಟ್ಟು ಅದನ್ನ ಇಂಗ್ಲಿಷಿಗೆ ಇಳಿಸಿದ್ಲು. ನಾನು ಕೆನ್ನೆ ಹಿಂಡೋಕೆ ಕೈ ಚಾಚಿದೆ ನೋಡಿ, ಹುಡುಗಿ ಕಿಸಕ್ಕಂತ ನಕ್ಕುಬಿಟ್ಲು. ಮಗಳ ಕಡೆ ತಿರುಗಿ ಏನೋ ಹೇಳಿದ್ಲು. ಮಗಳ ಮುಖ ಹಬ್ಬದ ಹಾಗಾಯ್ತು.

"ಅಮ್ಮಾ, ಇವಳಿಗೆ ಅಲ್ಲಿ ಒಬ್ಬಳು ಫ್ರೆಂಡ್ ಇದಾಳಂತೆ. ಅವಳೂ ಇಲ್ಲಿಂದ ಹೋದೋಳೇ. ಎರಡು ವರ್ಷದ ಹಿಂದೆ ನಿನ್ನ ನೋಡೋಕೆ ಬಂದಿದ್ಲಂತೆ. ಅವಳೂ ನೀನು ಬಂದ್ರೇನೇ ಹಾಲು ಕುಡೀತಿದ್ಲಂತೆ. ಕೆನ್ನೆ ಹಿಂಡಿದ್ದೂ ಸೇರಿಸಿ ಹೇಳಿದಾಳೆ."

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. "ಅದು... ಅವಳೂ ಹಾಗೇ ಇದ್ಲು" ಅಂತ ತೊದಲಿದೆ. ಮೇಡಂ ಫೈಲಲ್ಲಿ ಮುಖ ಮುಚ್ಕೊಂಡ್ರು. ಅಪ್ಪನೂ ನಗ್ತಿದ್ರು. ಹುಡುಗಿ ಮಾತ್ರ ನಗು ನಿಲ್ಲಿಸಿ, ಚಾಚಿದ್ದ ನನ್ನ ಕೈನ ತನ್ನೆರಡು ಕೈಯಲ್ಲಿ ಹಿಡ್ಕೊಂಡ್ಲು. ಆಮೇಲೆ ಒಂದೊಂದೇ ಮಾತು ನಿಧಾನಕ್ಕೆ ಹೇಳಿದ್ಲು. ಮಗಳೂ ಅಷ್ಟೇ ನಿಧಾನಕ್ಕೆ ನನಗೆ ಹೇಳಿದ್ಲು.

"ಪರವಾಗಿಲ್ಲ. ಅಷ್ಟೊಂದು ಮಕ್ಕಳಲ್ಲಿ ನಾನು ನೆನಪಿರಲ್ಲ ಅಂತ ಗೊತ್ತು. ಆದ್ರೆ ನನಗೊಬ್ಬಳಿಗೇ ಸೇರಿದ್ದು ಏನಾದ್ರೂ ಒಂದು ಇದ್ರೆ ಹೇಳಿ. ಎಷ್ಟು ಚಿಕ್ಕದಾದ್ರೂ ಆಗತ್ತೆ. ನಿಜ ಆಗಿರಬೇಕು ಅಷ್ಟೆ. ಅದಕ್ಕೇ ನಾನು ಇಷ್ಟು ದೂರ ಬಂದಿದ್ದು."

ಫೋಟೋ ಇಸ್ಕೊಂಡು ನೋಡಿದೆ. ನಾನು ದುಂಡಗೆ, ಕಪ್ಪು ಕೂದಲಲ್ಲಿ ಇದೀನಿ. ಕೈಲಿ ಮೂರು ತಿಂಗಳ ಬೋಳು ತಲೆ ಕೂಸು ಆಕಳಿಸ್ತಿದೆ. ಎಷ್ಟು ನೋಡಿದ್ರೂ ಅದು ಒಂದು ಕೂಸು, ಅಷ್ಟೆ. "ಇಲ್ಲ ಮಗಳೇ, ನನಗೆ ನೆನಪಿಲ್ಲ" ಅಂದೆ. ಆ ಮಾತನ್ನ ನಾನು ಯಾವ ಮಗುಗೂ ಅಲ್ಲಿವರೆಗೆ ಹೇಳಿರ್ಲಿಲ್ಲ. ಹೇಳೋಕೆ ಬಹಳ ಕಷ್ಟ ಆಯ್ತು.

ಹುಡುಗಿ ಸುಮ್ಮನೆ ತಲೆ ಆಡಿಸಿದ್ಲು. ಅವಳಮ್ಮನಿಗೆ ತಡೀಲಿಲ್ಲ. ಕಣ್ಣೊರೆಸ್ಕೊಂಡು, "ಇವಳ ಹತ್ರ ಒಂದು ವಸ್ತು ಇದೆ, ತೋರಿಸ್ತೀವಿ" ಅಂದ್ರು. ಹುಡುಗಿ ಅಂಗಿಯ ಕಾಲರಿನಿಂದ ಒಂದು ಸರ ಈಚೆ ಎಳೆದ್ಲು. ಸರದಲ್ಲಿ ಎರಡು ಪುಟಾಣಿ ಮುರು. ಎಳೆಮಕ್ಕಳಿಗೆ ಮೊದಲು ಕಿವಿಗೆ ಹಾಕೋ ಚಿನ್ನದ ತಂತಿ ಉಂಗುರ ಇರತ್ತಲ್ಲ, ಅದು. ಇವಳು ತಮ್ಮ ಕೈಗೆ ಬಂದಾಗ ಕಿವೀಲಿ ಇದು ಇತ್ತು, ಕಾಗದದಲ್ಲೂ ಗುರುತು ಅಂತ ಬರೆದಿತ್ತು ಅಂದ್ರು. ಅವರ ದೇಶದಲ್ಲಿ ಕೂಸುಗಳಿಗೆ ಕಿವಿ ಚುಚ್ಚಲ್ವಂತೆ. ಎಂಥ ಕಷ್ಟದಲ್ಲಿದ್ಲೋ ಇವಳ ಹೆತ್ತಮ್ಮ, ಆದ್ರೂ ಬಿಟ್ಟುಹೋಗೋವಾಗ ಚಿನ್ನ ಹಾಕಿ ಹೋಗಿದಾಳೆ, ಅವಳಿಗೆ ಎಷ್ಟು ಪ್ರೀತಿ ಇದ್ದಿರಬೇಕು ಅಂದ್ರು. ಹುಡುಗಿ ಚಿಕ್ಕೋಳಿದ್ದಾಗಿಂದ ಪ್ರತಿ ಹುಟ್ಟುಹಬ್ಬದ ದಿನ ಈ ಮುರು ಮುಟ್ಟಿ ಆ ತಾಯಿಗೆ ಥ್ಯಾಂಕ್ಸ್ ಹೇಳ್ತಾಳಂತೆ.

ಹೇಳ್ತಾ ಹೇಳ್ತಾ ಅವರು ಹುಡುಗಿಯ ಕೂದಲನ್ನ ಕಿವಿ ಹಿಂದಕ್ಕೆ ಸರಿಸಿದ್ರು. ಎಡಗಿವಿಯ ತೂತು ಬಲಗಿವೀದಕ್ಕಿಂತ ಒಂಚೂರು ಮೇಲಿತ್ತು.

"ಕಾಫಿ ಮಾಡ್ಕೊಂಡು ಬರ್ತೀನಿ" ಅಂತ ಎದ್ದು ಅಡುಗೆಮನೆಗೆ ಓಡಿದೆ. ನನ್ನ ಹಿಂದೆನೇ ಮಗಳು ಬಂದು ಬಾಗಿಲು ಹಾಕಿದ್ಲು.

"ಅಮ್ಮಾ, ಆ ಮುರು ನಂದು."

ನಾನು ಸ್ಟವ್ ಹಚ್ಚಿ ಹಾಲಿಟ್ಟೆ.

"ಒಂದರ ಮೇಲೆ ಬೆಸುಗೆ ಗುರುತಿದೆ. ಮುರಿದಿದ್ದು ನಾನೇ. ಅಜ್ಜಿ ಮಾಡಿಸಿಕೊಟ್ಟಿದ್ದು ಅದು. ಡಬ್ಬಿಯಿಂದ ತೆಗೆದು ಆಟ ಆಡ್ತಾ ಕಳೆದುಬಿಟ್ಲು ಅಂತ ಅಜ್ಜಿ ಮುಂದೆ ನಿಲ್ಲಿಸಿ ನನ್ನ ಬೈದಿದ್ದೆ ನೀನು! ಕಡ್ಡಿ ಕೊಟ್ಟು ಚರಂಡಿ ಎಲ್ಲಾ ಹುಡುಕಿಸಿದ್ದೆ! ಎಂಟು ವರ್ಷದೋಳು ಕಣಮ್ಮಾ ನಾನು ಆಗ!"

"ಮೆತ್ತಗೆ ಮಾತಾಡೇ, ಅವರಿಗೆ ಕೇಳ್ಸತ್ತೆ."

"ಕೇಳಿಸ್ಲಿ. ಅವರಿಗೆ ಕನ್ನಡ ಬರೋದು ಊಟ ಆಯ್ತಾ ಅಷ್ಟೇ."

ಹೇಳಲೇಬೇಕಾಯ್ತು. ಆ ಹುಡುಗಿ ಮುಖ ನನಗೆ ಮರೆತಿತ್ತು, ಆ ದಿನ ಮರೆತಿರ್ಲಿಲ್ಲ. ಆ ಕೂಸು ಕಪ್ಪಗೆ, ಕಡ್ಡಿ ಹಾಗಿತ್ತು. ಎರಡು ಸಲ ದತ್ತು ತಗೊಳ್ಳೋರು ಬಂದು, ಅದರ ತೊಟ್ಟಿಲ ಹತ್ರ ನಿಂತು, ಪಕ್ಕದ ತೊಟ್ಟಿಲಿಗೆ ಹೋಗಿದ್ರು. ಹನ್ನೊಂದು ತಿಂಗಳು ತುಂಬಿತ್ತು. ನಮ್ಮ ಮನೆಗಳಲ್ಲಿ ಅಷ್ಟು ಹೊತ್ತಿಗೆ ಹೆಣ್ಣುಮಕ್ಕಳನ್ನ ಸೋದರಮಾವನ ತೊಡೆ ಮೇಲೆ ಕೂರಿಸಿ ಕಿವಿ ಚುಚ್ಚಿಸಿ ಆಗಿರತ್ತೆ. ಇದಕ್ಕೆ ಯಾವ ಮಾವ, ಯಾವ ತೊಡೆ? ನನಗೆ ಲೋಕದ ಮೇಲೆಲ್ಲ ಕೋಪ ಬಂತು. ನನ್ನ ಕೋಪ ಗೊತ್ತಲ್ಲ, ಬಂದ್ರೆ ಏನಾದ್ರೂ ಮಾಡಲೇಬೇಕು. ಚುಚ್ಚುಮದ್ದು ಹಾಕಿಸ್ಕೊಂಡು ಬರ್ತೀನಿ ಅಂತ ಕೂಸನ್ನ ಎತ್ಕೊಂಡು ಹೊರಟೋಳು, ಸೀದಾ ಅಕ್ಕಸಾಲಿ ಅಂಗಡಿಗೆ ಹೋದೆ. ಸೆರಗಿನ ತುದೀಲಿ ಮಗಳ ಮುರು ಕಟ್ಕೊಂಡಿದ್ದೆ. ಅವಳಿಗೆ ಅವು ಚಿಕ್ಕದಾಗಿದ್ದವು, ಸುಮ್ಮನೆ ಡಬ್ಬೀಲಿದ್ದವು. ಕೇಳಿದ್ರೆ ಅತ್ತೆ ಕೊಡ್ತಿರ್ಲಿಲ್ಲ.

ನನ್ನ ತಮ್ಮ ಪೀಣ್ಯದ ಒಂದು ಫ್ಯಾಕ್ಟರೀಲಿ ಕಬ್ಬಿಣ ಕಡೆಯೋ ಲೇತ್ ಮೇಲೆ ಕೆಲಸಕ್ಕಿದ್ದ. ಫೋನ್ ಬೂತಿಂದ ಫೋನ್ ಮಾಡಿ ಕರೆದೆ. ಸೆಕೆಂಡ್ ಶಿಫ್ಟಿಗೆ ಹೊರಟಿದ್ದೋನು ಎಣ್ಣೆ ಕಲೆಯ ಯೂನಿಫಾರಂನಲ್ಲೇ ಸೈಕಲ್ ತುಳ್ಕೊಂಡು ಬಂದ. ಯಾರ ಮಗು ಅಂತಾನೂ ಸರಿಯಾಗಿ ಕೇಳದೆ ತೊಡೆ ಮೇಲೆ ಕೂರಿಸ್ಕೊಂಡ. ಬಲಗಿವಿ ಸಲೀಸಾಗಿ ಆಯ್ತು, ಕೂಸು ಅಳಲೂ ಇಲ್ಲ. ಎಡಗಿವಿಗೆ ಸೂಜಿ ಇಡೋ ಹೊತ್ತಿಗೆ ಅದರ ಕಣ್ಣು ತಮ್ಮನ ಜೇಬಲ್ಲಿ ಹೊಳೀತಿದ್ದ ಆರಿಂಚಿನ ಸ್ಟೀಲ್ ಸ್ಕೇಲ್ ಮೇಲೆ ಬಿತ್ತು. ಅದನ್ನ ಹಿಡಿಯೋಕೆ ಅಂತ ಟಕ್ಕಂತ ತಲೆ ತಿರುಗಿಸ್ತು. ತೂತು ಮೇಲೆ ಹೋಯ್ತು. ಕೂಸು ಅಳೋಕ್ಕೆ ಮುಂಚೆ ನನ್ನ ತಮ್ಮ ಅಕ್ಕಸಾಲಿ ಜೊತೆ ಜಗಳಕ್ಕೆ ನಿಂತ.

ವಾಪಸ್ ಬಂದಾಗ ಆಗಿನ ಮೇಡಂ ನನ್ನ ಜನ್ಮ ಜಾಲಾಡಿದ್ರು. ಯಾರು ಚುಚ್ಚಿಸಿದ್ದು ಅಂತ ಬರೆದ್ರೆ ನನ್ನ ಕೆಲಸ ಹೋಗತ್ತೆ, ಬರೀದೆ ಇದ್ರೆ ಅವರ ಕೆಲಸ ಹೋಗತ್ತೆ. ಕೊನೆಗೆ ಗುರುತುಗಳು ಅನ್ನೋ ಕಡೆ "ಎರಡೂ ಕಿವಿ ಚುಚ್ಚಿದೆ, ಚಿನ್ನದ ತಂತಿ ಇದೆ" ಅಂತ ಮಾತ್ರ ಬರೆದು ಕೈ ತೊಳ್ಕೊಂಡ್ರು. ಆ ಒಂದು ಸಾಲು ಡೆನ್ಮಾರ್ಕಿಗೆ ಹೋಗಿ ಇಷ್ಟು ದೊಡ್ಡದಾಗಿ ಬೆಳೆಯತ್ತೆ ಅಂತ ನಮಗೇನು ಗೊತ್ತು?

ಮಗಳು ಎಲ್ಲಾ ಕೇಳಿ ಗೋಡೆಗೆ ಒರಗಿ ನಿಂತ್ಲು. "ಅಂದ್ರೆ ಮುರುನೂ ನಂದು, ಮಾವನೂ ನನ್ನೋನು" ಅಂದ್ಲು. ಆಮೇಲೆ ದನಿ ಬದಲಾಯ್ತು. "ಅಮ್ಮಾ, ಹೇಳ್ಬೇಡ. ಹೆತ್ತಮ್ಮಂದು ಅಂತ ಅವಳಿಗೆ ಇರೋದು ಅದೊಂದೇ. ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಹೇಳಿದೀಯಲ್ಲ, ಇದೊಂದು ಹೇಳೋಕಾಗಲ್ವಾ? ನನಗೇನೂ ಆ ಮುರು ಬೇಡ." ನೋಡಿ, ಇಷ್ಟು ದಿನ ನನಗೆ ಸತ್ಯದ ಪಾಠ ಹೇಳಿದೋಳು ಇವಳೇ. ಕಣ್ಣಲ್ಲಿ ನೀರು ಬೇರೆ.

ನನಗೂ ಹೇಳೋದು ಬೇಡವಾಗಿತ್ತು. ಸತ್ಯ ಹೇಳ್ತೀನಿ, ಭಯ ಆಗಿತ್ತು. ಆದ್ರೆ ಆ ಹುಡುಗಿ ಕೇಳಿದ್ದು ಒಂದೇ ಒಂದು. ಅವಳೊಬ್ಬಳದೇ ಆದ ಒಂದು ನಿಜ. ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಯಾವ ಮಗುಗೂ ಮಾಡದೆ ಅವಳಿಗೊಬ್ಬಳಿಗೇ ಮಾಡಿದ್ದು ಇದು. ಇದನ್ನೂ ಮುಚ್ಚಿಟ್ಟು ಕಳಿಸಿದ್ರೆ ಅವಳು ಬರಿಗೈಲಿ ಹೋದ ಹಾಗೆ. ಅಷ್ಟರಲ್ಲಿ ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಸುರೀತು. ಆರಿಸಿ ಈಚೆ ಬಂದೆ.

ಕೂತು, ಮೊದಲಿಂದ ಹೇಳಿದೆ. ಆ ಮುರು ನಿನ್ನ ಹೆತ್ತಮ್ಮ ಹಾಕಿದ್ದಲ್ಲ ಅನ್ನೋ ಹೊತ್ತಿಗೆ ಮಗಳ ಇಂಗ್ಲಿಷ್ ನಿಂತುಹೋಯ್ತು. ಹೇಳೇ ಅಂದೆ. ಅವಳು ಬಾಯಿ ಬಿಡಲಿಲ್ಲ. ಸರಿ, ನನಗೆ ಬರೋ ಇಂಗ್ಲಿಷಲ್ಲಿ ನಾನೇ ಹೇಳಿದೆ. ಕಿವಿ ಮುಟ್ಟಿ, "ಇಯರ್, ಮೀ." ಮಗಳನ್ನ ತೋರಿಸಿ, "ಗೋಲ್ಡ್, ಹರ್. ಮದರ್ ನೋ." ಆಮೇಲೆ ಮಗಳು ವಿಧಿಯಿಲ್ಲದೆ ಎಲ್ಲಾ ಬಿಡಿಸಿ ಹೇಳಿದ್ಲು. ತಮ್ಮನ ತೊಡೆ, ಜೇಬಿನ ಸ್ಟೀಲ್ ಸ್ಕೇಲು, ತಲೆ ತಿರುಗಿಸಿದ್ದು, ಎಲ್ಲಾ.

ಹುಡುಗಿಯ ಕೈ ಮುರು ಮೇಲೆ ಹೋಗಿ ಅಲ್ಲೇ ನಿಂತಿತು. ಅವಳಮ್ಮ ಅಳೋದನ್ನೂ ಮರೆತಿದ್ರು. ಹುಡುಗಿ ನನ್ನ ನೋಡಿ ಏನೋ ಕೇಳಿದ್ಲು. ಮಗಳು ನೆಲ ನೋಡ್ಕೊಂಡು ಹೇಳಿದ್ಲು: "ಇದೂ ಎಲ್ಲರಿಗೂ ಹೇಳೋ ಕಥೇನಾ ಅಂತ ಕೇಳ್ತಿದಾಳಮ್ಮ."

ಅವಳೇನು ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದು. ಕಪಾಳಕ್ಕೆ ಹೊಡೆದಿದ್ರೂ ಅಷ್ಟು ನೋವಾಗ್ತಿರ್ಲಿಲ್ಲ ನನಗೆ. ಅಷ್ಟು ವರ್ಷ ಅಷ್ಟು ಮಕ್ಕಳಿಗೆ ಕುಡಿಸಿದ ಸುಳ್ಳಿನ ಹಾಲೆಲ್ಲ ಆ ಒಂದು ಗಳಿಗೇಲಿ ನನ್ನ ತಲೆ ಮೇಲೆ ಸುರೀತು. ನಾನು ಗೊಳೋ ಅಂತ ಅತ್ತುಬಿಟ್ಟೆ. "ಸಾರಿ" ಅಂದೆ. ಅವಳಮ್ಮ ತಮ್ಮ ಕರ್ಚೀಫನ್ನ ನನಗೆ ಕೊಟ್ರು.

ಆಮೇಲೆ ಕಣ್ಣೊರೆಸ್ಕೊಂಡು ತಮ್ಮನಿಗೆ ಫೋನ್ ಹಚ್ಚಿದೆ. ಅವನೀಗ ಫ್ಯಾಕ್ಟರಿ ಬಿಟ್ಟು, ಎರಡು ರಸ್ತೆ ಆಚೆ ಸ್ನೇಹಿತನ ಲೇತ್ ಶೆಡ್ಡಿನಲ್ಲಿ ಕೆಲಸ ಮಾಡ್ತಾನೆ. "ತಕ್ಷಣ ಶಿಶುಮಂದಿರಕ್ಕೆ ಬಾ" ಅಂದೆ. ಯಾಕಕ್ಕಾ ಅಂದ. ಬಾ ಅಷ್ಟೆ ಅಂದು ಇಟ್ಟೆ. ಇಟ್ಟು, ಫೋನನ್ನ ಹುಡುಗಿ ಕೈಗೇ ಕೊಟ್ಟೆ. ಮತ್ತೆ ಫೋನ್ ಮಾಡಿ ತಮ್ಮನಿಗೆ ನಾನು ಹೇಳಿಕೊಟ್ಟೆ ಅನ್ನೋ ಅನುಮಾನ ಯಾರಿಗೂ ಬರಬಾರದು.

ಕಾಯೋ ಹೊತ್ತಲ್ಲಿ ಹುಡುಗಿ ಸರದ ಕೊಕ್ಕೆ ಬಿಚ್ಚಿ, ಮುರುಗಳನ್ನ ಅಂಗೈಲಿಟ್ಟು ನನ್ನ ಮಗಳ ಮುಂದೆ ಹಿಡಿದ್ಲು. ನಿಮ್ಮದು ಅಂದ್ಲು. ಮಗಳು ಒಂದನ್ನ ತಿರುಗಿಸಿ ಬೆಸುಗೆ ನೋಡಿ, ಮತ್ತೆ ಅಲ್ಲೇ ಇಟ್ಟು ಆ ಅಂಗೈ ಮುಚ್ಚಿದ್ಲು. ಆಮೇಲೆ ನನ್ನ ಕಡೆ ತಿರುಗಿ, "ನನಗೂ ಒಂದು ಸಾರಿ ಬರಬೇಕು" ಅಂದ್ಲು. "ಸಾರಿ ಕಣೇ" ಅಂದೆ. "ಚರಂಡಿದೂ ಸೇರಿಸಿ" ಅಂದ್ಲು. ಚರಂಡಿದೂ ಸೇರಿಸಿ ಹೇಳಿದೆ. ಉದ್ದದ ಅಪ್ಪನಿಗೆ ಏನು ನಡೀತಿದೆ ಅಂತ ಗೊತ್ತಾಗಲಿಲ್ಲ. ಮಗಳು ಹೇಳಿದ ಮೇಲೆ ಮೀಸೇಲೇ ನಕ್ರು.

ಹುಡುಗಿ ನಗಲಿಲ್ಲ. ಮುಚ್ಚಿದ ಅಂಗೈ ನೋಡ್ತಾ, "ಇದು ನಿಜ ಆದ್ರೆ, ನಾನು ಪ್ರತಿ ಹುಟ್ಟುಹಬ್ಬಕ್ಕೆ ಹೇಳಿದ ಥ್ಯಾಂಕ್ಸ್ ಎಲ್ಲಾ ಯಾರಿಗೆ ಹೋಯ್ತು?" ಅಂದ್ಲು.

"ಅವಳಿಗೇ ಹೋಗಿದೆ" ಅಂದೆ. "ನನಗೆ ಬೇಡ ಅದು. ನಾಲ್ಕು ದಿನದ ಬಾಣಂತಿ ಎದ್ದು ಬಂದು, ನಿನ್ನನ್ನ ಬೆಚ್ಚಗೆ ಸುತ್ತಿ, ಡಾಕ್ಟರಿರೋ ಕಡೆ, ಜನ ಓಡಾಡೋ ಜಾಗದಲ್ಲಿ ಮಲಗಿಸಿದಾಳೆ. ಅದು ಅವಳು ಮಾಡಿದ್ದು. ನಾನು ಮಾಡಿದ್ದು ಕಿವಿ ಮಾತ್ರ. ಅದನ್ನೂ ಸೊಟ್ಟಗೆ ಮಾಡಿಸಿದೆ." ಮಗಳು ಇದನ್ನ ಹೇಳೋವಾಗ ಒಂದು ಪದವನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ನನಗೆ ಅಷ್ಟು ಇಂಗ್ಲಿಷ್ ಗೊತ್ತಾಗತ್ತೆ.

ಸ್ಕೂಟರ್ ಸದ್ದಾಯ್ತು. ತಮ್ಮ ಒಳಗೆ ಬಂದ. ಕೈಯೆಲ್ಲ ಗ್ರೀಸ್, ಕೂದ್ಲೆಲ್ಲ ಬಿಳಿ. ಬಾಗಿಲಲ್ಲೇ ನಿಂತು ಎಲ್ಲರನ್ನೂ ನೋಡಿದ. ಅಪ್ಪ ಎದ್ದು ಕೈ ಮುಗಿದು, "ಊಟ ಆಯ್ತಾ?" ಅಂದ್ರು. "ಇನ್ನೂ ಇಲ್ಲ ಸಾರ್, ಇವಳು ಬಿಡ್ಬೇಕಲ್ಲ" ಅಂದ ನನ್ನ ಕಡೆ ಕೈ ತೋರಿಸಿ.

"ಈ ಹುಡುಗಿ ಯಾರು ಹೇಳು" ಅಂದೆ.

ಮುಖ ನೋಡಿದ. ಇಲ್ಲ ಅಂತ ತಲೆ ಆಡಿಸಿದ. "ನನಗೆ ಹೇಗೆ ಗೊತ್ತಾಗಬೇಕಕ್ಕಾ?"

ಆಗ ಹುಡುಗಿ ಎದ್ದು ಅವನ ಮುಂದೆ ನಿಂತು, ಒಂದು ಮಾತೂ ಆಡದೆ ಎರಡೂ ಕಡೆ ಕೂದಲು ಹಿಂದಕ್ಕೆ ಸರಿಸಿದ್ಲು. ತಮ್ಮ ಮೊದಲು ಅರ್ಥ ಆಗದೆ ನಿಂತ. ಆಮೇಲೆ ಬಗ್ಗಿ, ಲೇತಿಂದ ತೆಗೆದ ಬಿಡಿಭಾಗ ನೋಡೋ ಹಾಗೆ ಒಂದು ಕಣ್ಣು ಮುಚ್ಚಿ, ಬಲಗಿವಿ ನೋಡಿದ, ಎಡಗಿವಿ ನೋಡಿದ.

"ಎಡಗಡೇದು ಎರಡು ಮಿಲಿಮೀಟ್ರು ಮೇಲಿದೆ" ಅಂದ. ಅಂದೋನು ಹಾಗೇ ಬಗ್ಗಿಕೊಂಡೇ ನಿಂತುಬಿಟ್ಟ. "ಅಕ್ಕಾ... ಆ ಕೂಸಾ ಇದು? ಅಕ್ಕಸಾಲಿ ಅಂಗಡೀದು? ನನ್ನ ಜೇಬಲ್ಲಿದ್ದ ಸ್ಟೀಲ್ ಸ್ಕೇಲ್ ನೋಡಿ ತಲೆ ತಿರುಗಿಸ್ತಲ್ಲ, ಅದಾ?"

ಮಗಳು ಇಂಗ್ಲಿಷಲ್ಲಿ ಹೇಳೋಕೆ ಬಾಯಿ ತೆಗೆದ್ಲು. ಹುಡುಗಿ ಬೇಡ ಅಂತ ಕೈ ಎತ್ತಿದ್ಲು. ಸ್ಟೀಲ್ ಸ್ಕೇಲ್ ಅನ್ನೋ ಎರಡು ಪದ ಅವಳಿಗೆ ಗೊತ್ತಾಗಿತ್ತು. ಬೆಳಿಗ್ಗೆಯಿಂದ ಒಂದು ಹನಿ ಹಾಕದೆ ಇದ್ದೋಳು, ಮುಖ ಮುಚ್ಕೊಂಡು ಜೋರಾಗಿ ಅಳೋಕೆ ಶುರು ಮಾಡಿದ್ಲು.

ತಮ್ಮ ಗಾಬರಿ ಬಿದ್ದ. "ಅಯ್ಯೋ, ನಾನೇನಂದೆ? ಎರಡೇ ಮಿಲಿಮೀಟ್ರಮ್ಮಾ, ಕಾಣ್ಸೋದೇ ಇಲ್ಲ! ಹೇಳೇ ಅವಳಿಗೆ, ಕಾಣ್ಸಲ್ಲ ಅಂತ" ಅಂತ ನನ್ನ ಮಗಳ ಮೇಲೆ ರೇಗಿದ. ಅವಳು ಹೇಳೋ ಸ್ಥಿತೀಲಿರ್ಲಿಲ್ಲ. ಏನು ಮಾಡಬೇಕೋ ತೋಚದೆ ಜೇಬು ತಡಕಿದ. ಜೇಬಲ್ಲಿ ಸ್ಕೇಲ್ ಇತ್ತು. ಲೇತ್ ಕೆಲಸದೋರ ಜೇಬಲ್ಲಿ ಅದು ಯಾವಾಗ್ಲೂ ಇರತ್ತೆ. ತೆಗೆದು, ಗ್ರೀಸ್ ಆಗಿದೆ ಅಂತ ಅಂಗಿಗೆ ಎರಡು ಸಲ ಒರೆಸಿ, ಅವಳ ಮುಂದೆ ಹಿಡಿದ.

"ತಗೋಮ್ಮ" ಅಂದ. "ಆವತ್ತೇ ಕೈ ಚಾಚಿದ್ದೆ ನೀನು. ಶಿಫ್ಟಿಗೆ ಲೇಟಾಗಿತ್ತು, ಕೊಡದೆ ಹೊರಟುಹೋಗ್ಬಿಟ್ಟೆ ನಾನು."